ಖಿನ್ನತೆಯ ಮಾತ್ರೆ ಚಟವಲ್ಲ: ಒಂದು ಸ್ಪಷ್ಟನೆ

"ಖಿನ್ನತೆಗೆ ಒಮ್ಮೆ ಮಾತ್ರೆ ಶುರು ಮಾಡಿದರೆ ಮುಗೀತು, ಸಾಯುವವರೆಗೂ ಬಿಡೋಕಾಗಲ್ಲ, ಅದೊಂದು ಚಟ." ಹಳ್ಳಿಗಳ ವಾಟ್ಸಾಪ್ ಗುಂಪುಗಳಲ್ಲಿ ಈ ಮಾತು ಓಡಾಡುತ್ತಿದೆ. ಇದು ತಪ್ಪು.

ಈ ಮಾತ್ರೆಗಳು ಹೆಂಡದ ಹಾಗೆ ಅಮಲು ತರುವುದಿಲ್ಲ. ಇನ್ನೂ ಬೇಕು, ಇನ್ನೂ ಬೇಕು ಎಂಬ ಚಡಪಡಿಕೆಯೂ ಹುಟ್ಟುವುದಿಲ್ಲ. ಗುಣ ಕಾಣಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕು. ಮೊದಲ ಸಲ ಖಿನ್ನತೆ ಬಂದವರು ಹುಷಾರಾದ ಮೇಲೂ ಕನಿಷ್ಠ 6 ತಿಂಗಳು ಮುಂದುವರಿಸಬೇಕಾಗುತ್ತದೆ. ಆಮೇಲೆ ಡಾಕ್ಟರೇ ನಿಧಾನವಾಗಿ ಕಡಿಮೆ ಮಾಡಿಸಿ ನಿಲ್ಲಿಸಬಹುದು.

ಹಾಗಾದರೆ ಈ ಸುದ್ದಿ ಹುಟ್ಟಿದ್ದು ಹೇಗೆ? ಕೆಲವರು ಸ್ವಲ್ಪ ಹುಷಾರಾದ ಕೂಡಲೇ ಮಾತ್ರೆಯನ್ನು ಥಟ್ಟನೆ ಬಿಡುತ್ತಾರೆ. ಆಗ ತಲೆಸುತ್ತು, ನಿದ್ದೆಗೇಡು, ಸಿಡುಕು ಕಾಣಿಸಿಕೊಳ್ಳಬಹುದು. ನೋಡಿದವರು ಅದನ್ನೇ ಚಟ ಅನ್ನುತ್ತಾರೆ. ಇನ್ನೊಂದು ಗೊಂದಲ ನಿದ್ದೆ ಮಾತ್ರೆಯದು. ಕೆಲವು ನಿದ್ದೆ ಮಾತ್ರೆಗಳು ನಿಜವಾಗಿಯೂ ಅಭ್ಯಾಸವಾಗಬಲ್ಲವು. ಆದರೆ ಅವು ಬೇರೆ ಔಷಧಿ, ಖಿನ್ನತೆಯ ಮಾತ್ರೆಯಲ್ಲ.

ಸ್ಕಿಜೋಫ್ರೀನಿಯಾದಂಥ ತೀವ್ರ ಮಾನಸಿಕ ಕಾಯಿಲೆಗೆ ವರ್ಷಗಟ್ಟಲೆ ಔಷಧಿ ಬೇಕಾಗಬಹುದು, ನಿಜ. ಬಿಪಿ, ಶುಗರ್‌ಗೂ ಹಾಗೇ ತಗೋತೀವಿ, ಅಲ್ವಾ? ಅದನ್ನು ಯಾರೂ ಚಟ ಅನ್ನುವುದಿಲ್ಲ.

ನನಗೆ ನೋವಾಗುವುದು ಇಲ್ಲೇ. ಎಲ್ಲರಿಗೂ ಎಲ್ಲರೂ ಗೊತ್ತಿರುವ ಊರಿನಲ್ಲಿ, ಯಾರಾದರೂ ನೋಡಿಬಿಟ್ಟಾರು ಎಂದು ಆಸ್ಪತ್ರೆಯ ಮೆಟ್ಟಿಲು ಹತ್ತಲೇ ಜನ ಹೆದರುತ್ತಾರೆ. ಆ ಹೆದರಿಕೆಗೆ ಈ ಸುಳ್ಳು ಸುದ್ದಿಯೂ ಸೇರಿಕೊಂಡರೆ ಅವರು ಮನೆಯಲ್ಲೇ ನರಳುತ್ತಾರೆ. ನೀವೂ ಆ ಸಂದೇಶ ಕಳಿಸಿದ್ದರೆ ದಯವಿಟ್ಟು ಅಳಿಸಿ, ಅದೇ ಗುಂಪಿಗೆ ಇದನ್ನು ಹಾಕಿ. ಮಾತ್ರೆ ತಗೊಳ್ಳುತ್ತಿರುವವರು ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.