ಅಜೈಲ್ ಅಂದರೆ ಡಾಕ್ಯುಮೆಂಟೇಶನ್ ಬೇಡ ಅಂತಲ್ಲ: ಒಂದು ಸ್ಪಷ್ಟನೆ

ಅಜೈಲ್ ಅಂದರೆ ಸಾಫ್ಟ್‌ವೇರನ್ನು ಸಣ್ಣ ಸಣ್ಣ ಹಂತಗಳಲ್ಲಿ ಕಟ್ಟುತ್ತಾ ಹೋಗುವ ಒಂದು ವಿಧಾನ; ಡಾಕ್ಯುಮೆಂಟೇಶನ್ ಅಂದರೆ ಆ ಸಾಫ್ಟ್‌ವೇರನ್ನು ವಿವರಿಸುವ ದಾಖಲೆ. ತುಮಕೂರಿನ ನಮ್ಮ ಪ್ರಾಜೆಕ್ಟ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: "ಅಜೈಲ್ ಪ್ರಕಾರ ಡಾಕ್ಯುಮೆಂಟೇಶನ್ ಬರೆಯೋದೇ ಬೇಡ, ಕೋಡ್ ಓಡಿದರೆ ಸಾಕು." ಇದು ತಪ್ಪು. ಹೋದ ವಾರ ನಾನೂ ಇದನ್ನು ಕಳಿಸಿದ್ದೆ, ಕ್ಷಮಿಸಿ.

2001ರಲ್ಲಿ 17 ಜನ ಸೇರಿ ಬರೆದ ಅಜೈಲ್ ಪ್ರಣಾಳಿಕೆಯಲ್ಲಿ ಇರುವುದು ಇಷ್ಟು: ಉದ್ದುದ್ದ ದಾಖಲೆಗಿಂತ ಕೆಲಸ ಮಾಡುವ ಸಾಫ್ಟ್‌ವೇರ್‌ಗೆ ಬೆಲೆ ಜಾಸ್ತಿ. ದಾಖಲೆಗೂ ಬೆಲೆ ಇದೆ ಅಂತ ಅದರ ಕೆಳಗೇ ಬರೆದಿದ್ದಾರೆ. ಮೆಸೇಜಿನಲ್ಲಿ ಆ ಸಾಲೇ ಬಿಟ್ಟುಹೋಗಿದೆ.

ಮೊನ್ನೆ ಬಟವಾಡಿಯ ರೂಮಿನಲ್ಲಿ ಒಬ್ಬ ಜೂನಿಯರ್ ನಮ್ಮ ಹಳೇ ಪ್ರಾಜೆಕ್ಟ್ ಹಿಡಿದು ಕೂತಿದ್ದ. ರೀಡ್‌ಮಿಯಲ್ಲಿ (ಪ್ರಾಜೆಕ್ಟ್ ಜೊತೆ ಇಡುವ ಸೂಚನೆಗಳ ಫೈಲ್) "ಇನ್‌ಸ್ಟಾಲ್ ಮಾಡಿ, ರನ್ ಮಾಡಿ" ಅಂತ ಒಂದೇ ಸಾಲು. ಪೈಥಾನ್ ಯಾವ ವರ್ಷನ್, ಡೇಟಾಬೇಸ್ ಪಾಸ್‌ವರ್ಡ್ ಯಾವ ಫೈಲಿಗೆ ಹಾಕಬೇಕು, ಸರಿಯಾಗಿ ಓಡಿದರೆ ಸ್ಕ್ರೀನ್ ಮೇಲೆ ಏನು ಕಾಣಬೇಕು, ಯಾವುದೂ ಇಲ್ಲ. ಪಾಪ, ಮಧ್ಯಾಹ್ನ ಕೂತವನು ರಾತ್ರಿ ಊಟದ ಹೊತ್ತಾದರೂ ಎದ್ದಿರಲಿಲ್ಲ. ಆ ಮೂರು ಸಾಲು ಸೇರಿಸೋಕೆ ನನಗೆ ಹತ್ತು ನಿಮಿಷ ಸಾಕಾಯಿತು. ಅಷ್ಟು ಬರೆಯಬೇಡಿ ಅಂತ ಅಜೈಲ್ ಎಲ್ಲೂ ಹೇಳಿಲ್ಲ.

ದಯವಿಟ್ಟು ಆ ಮೆಸೇಜನ್ನು ಇನ್ನು ಯಾರಿಗೂ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿಬಿಡಿ.