ಪೆಟ್ಟಿಗೆಯನ್ನು ಬೋರಲು ಹಾಕಿ ನೋಡಬೇಕು

ಬೆಂಗಳೂರಿಗೆ ಸಮುದ್ರ ಇಲ್ಲ. ಅಲೆ ನೋಡಬೇಕು ಅಂದರೆ ಮಂಗಳೂರಿಗೋ ಚೆನ್ನೈಗೋ ಹೋಗಬೇಕು, ಎರಡೂ ಹೆಚ್ಚುಕಮ್ಮಿ 350 ಕಿಲೋಮೀಟರ್. ಆದರೂ ಶಿವಾಜಿನಗರದ ಕಡೆ ಹಳೇ ಸಾಮಾನಿನ ಅಂಗಡಿಗಳಲ್ಲಿ ಹಡಗಿನ ಪೆಟ್ಟಿಗೆಗೆ ಬರ ಅಂತ ಇಲ್ಲವೇ ಇಲ್ಲ. ಮರದ್ದಾಗಿರಬೇಕು, ಮುಚ್ಚಳ ಇರಬೇಕು, ಸ್ವಲ್ಪ ಧೂಳು ಕೂತಿರಬೇಕು. ಅಷ್ಟಿದ್ದರೆ ಸಾಕು, ಅದು ಹಡಗಿನಲ್ಲಿ ಬಂದದ್ದೇ.

ಪೂರ್ತಿ ಸುಳ್ಳು ಅನ್ನೋ ಹಾಗೂ ಇಲ್ಲ. 1809ರಲ್ಲಿ ಇಲ್ಲಿ ಕಂಟೋನ್ಮೆಂಟ್ ಶುರುವಾದ ಮೇಲೆ ಇಂಗ್ಲಿಷ್ ಅಧಿಕಾರಿಗಳು ಮದ್ರಾಸಿನಲ್ಲಿ ಹಡಗಿಳಿದು, ಗಂಟುಮೂಟೆ ಕಟ್ಟಿಕೊಂಡು ಈ ಕಡೆ ಬಂದವರೇ ಅಲ್ವಾ. ಆದರೆ ದಂಡಿನವರ ಪೆಟ್ಟಿಗೆ ಬೇರೆ, ನಾವಿಕರ ಪೆಟ್ಟಿಗೆ ಬೇರೆ. ದಂಡಿನವರದ್ದು ಡ್ರಾಯರ್ ಇರುವಂಥದ್ದು, ಅಡ್ಡಕ್ಕೆ ಎರಡು ಭಾಗ ಆಗುತ್ತದೆ, ಮೂಲೆಯ ಹಿತ್ತಾಳೆ ಪಟ್ಟಿ ಎಲ್ಲೂ ತಾಗದ ಹಾಗೆ ಮರದೊಳಗೇ ಹುದುಗಿರುತ್ತದೆ. ಮೈತುಂಬ ಹಿತ್ತಾಳೆ ಮೊಳೆ ಹೊಡೆದು ಕೆಳಗೆ ಸಣ್ಣ ಡ್ರಾಯರ್ ಇಟ್ಟಿದ್ದರೆ ಅದು ಜಾಂಜಿಬಾರ್ ಪೆಟ್ಟಿಗೆ. ಹೆಸರು ಆಫ್ರಿಕಾದ್ದು, ಆದರೆ ಎಷ್ಟೋ ಪೆಟ್ಟಿಗೆಗಳು ತಯಾರಾದದ್ದು ಸೂರತ್, ಮಲಬಾರ್ ಕಡೆ, ಆಮೇಲೆ ಹಾಯಿಹಡಗಿನಲ್ಲಿ ಆಚೆ ದಡಕ್ಕೆ ಹೋದವು. ಇನ್ನು ಬಡ ನಾವಿಕನ ಪೆಟ್ಟಿಗೆ ಸಾದಾ. ಆರು ಹಲಗೆ, ಒಳಗೆ ಒಂದು ಪಕ್ಕಕ್ಕೆ ಚಿಲ್ಲರೆ ಸಾಮಾನಿಗೆ ಪುಟ್ಟ ಖಾನೆ, ಎರಡು ಬದಿಗೆ ಹಗ್ಗದ ಹಿಡಿ. ಈ ಹಿಡಿಗಳನ್ನು ನಾವಿಕರು ಬಿಡುವಿನಲ್ಲಿ ಕೂತು ಗಂಟಿನ ಮೇಲೆ ಗಂಟು ಹಾಕಿ ಹೆಣೆಯುತ್ತಿದ್ದರು, ನೋಡಲು ಜಡೆಗಿಂತ ಚೆಂದ. ನನಗೆ ಒಬ್ಬರು ತೋರಿಸಿದ 'ಒರಿಜಿನಲ್ ಹಡಗಿನ ಹಗ್ಗ' ಮಾತ್ರ ನೀಲಿ ನೈಲಾನಿನದ್ದು. ನಮ್ಮ ಟೆರೇಸಿನಲ್ಲಿ ಬಟ್ಟೆ ಒಣಹಾಕುವುದೂ ಅದರಲ್ಲೇ.

"ಎಷ್ಟು ಹಳೇದು?" ಅಂತ ಕೇಳಿದೆ.

"ನೂರೈವತ್ತು ವರ್ಷ ಸಾರ್, ಕಣ್ಣು ಮುಚ್ಚಿಕೊಂಡು ತಗೊಳ್ಳಿ."

ನೂರು ವರ್ಷ ದಾಟಿದ ಇಂಥ ವಸ್ತು 1972ರ ಕಾನೂನಿನ ಪ್ರಕಾರ ಪ್ರಾಚ್ಯವಸ್ತು ಆಗುತ್ತದೆ, ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ನಾನು ಸುಮ್ನೆ, ಮಾತಿಗೆ ಅಂತ, ಲೈಸೆನ್ಸ್ ಇದೆಯಾ ಅಂದೆ. ಪೆಟ್ಟಿಗೆ ನಿಂತ ನಿಲುವಿನಲ್ಲೇ ಚಿಕ್ಕದಾಯಿತು. "ನೂರೈವತ್ತು ಎಲ್ಲಿ ಸಾರ್, ಎಂಬತ್ತು ಎಂಬತ್ತೈದು ಇರಬಹುದು." ಹಾಗಾದರೆ ಬೆಲೆಯೂ ಇಳಿಯಬೇಕಲ್ಲ ಅಂದರೆ ಅದು ಮಾತ್ರ ನೂರೈವತ್ತನೇ ವರ್ಷದಲ್ಲೇ ನಿಂತಿತ್ತು.

ಮುಂಭಾಗ ನೋಡಿ ಮೋಸ ಹೋಗಬಾರದು. ಮುಂಭಾಗಕ್ಕೆ ಪಾಲಿಶ್ ಹೊಡೆಯಲು ಯಾರಿಗೂ ಬರುತ್ತದೆ, ಸತ್ಯ ಇರುವುದು ತಳದಲ್ಲಿ. ತಳಕ್ಕೆ ಯಾವ ಕಾಲದ ಆಚಾರಿಯೂ ಬಣ್ಣ ಬಳಿದು ಟೈಮ್ ವೇಸ್ಟ್ ಮಾಡಿಲ್ಲ, ಹಾಗಾಗಿ ಅಲ್ಲೂ ಒಂದೇ ಸಮ ಕಂದು ಬಣ್ಣ ಇದ್ದರೆ ಅನುಮಾನ ಪಡಬೇಕು. ಟಾರ್ಚನ್ನು ಓರೆಯಾಗಿ ಹಿಡಿದರೆ ಗರಗಸದ ಗೀರು ಕಾಣುತ್ತದೆ. ನೇರ ಗೀರಾದರೆ ಕೈಗರಗಸ ಇರಬಹುದು, ಬಿಲ್ಲಿನ ಹಾಗೆ ಬಾಗಿದ್ದರೆ ಮಿಲ್ಲಿನ ದುಂಡು ಬ್ಲೇಡು. ಸ್ಟಾರ್ ಸ್ಕ್ರೂ ಬಂದದ್ದೇ 1930ರ ದಶಕದಲ್ಲಿ. ಅದು ಕಂಡರೆ ಅಂಗಡಿಯವರು "ಯಾರೋ ರಿಪೇರಿ ಮಾಡಿದ್ದಾರೆ ಸಾರ್" ಅನ್ನುತ್ತಾರೆ, ಮಾಡಿರಲೂಬಹುದು. ಹಾಗಿದ್ದರೆ ಪಕ್ಕದಲ್ಲಿ ಹಳೇ ಮೊಳೆಯ ತೂತು ಇರಬೇಕಲ್ಲ? ಅದನ್ನೇ ಹುಡುಕಬೇಕು.

ಈ ಚಟ ಅಂಗಡಿಯಲ್ಲಷ್ಟೇ ಇದ್ದಿದ್ದರೆ ತೊಂದರೆ ಇರಲಿಲ್ಲ.

ಅಕ್ಕನ ಮಗಳ ಮದುವೆ ಮಾತುಕತೆಗೆ ಅಂತ ಮಲ್ಲೇಶ್ವರದಲ್ಲಿ ಹುಡುಗನ ಮನೆಗೆ ಹೋಗಿದ್ದೆವು. ಹಾಲಿನ ಮೂಲೆಯಲ್ಲಿ ಗಿಡ್ಡ ಕಾಲಿನ ದೊಡ್ಡ ಪೆಟ್ಟಿಗೆ. ಮೇಲೆ ಬೆಳ್ಳಿ ತಟ್ಟೆಯಲ್ಲಿ ಹೂವು, ಹಣ್ಣು, ಎಲೆ ಅಡಿಕೆ. ಹುಡುಗನ ತಂದೆ ಅಭಿಮಾನದಿಂದ, "ನಮ್ಮ ತಾತ ರಂಗೂನಿನಿಂದ ಹಡಗಿನಲ್ಲಿ ತಂದದ್ದು ಇವ್ರೇ" ಅಂದರು. ಅಷ್ಟು ಕೇಳಿದ ಮೇಲೆ ಸುಮ್ಮನೆ ಕೂರುವುದು ಹೇಗೆ? ಎಲ್ಲರೂ ಕೇಸರಿಬಾತಿನಲ್ಲಿ ಮುಳುಗಿದ್ದಾಗ ಮೆಲ್ಲಗೆ ನೆಲಕ್ಕೆ ಕೂತು, ಬಗ್ಗಿ, ಮೊಬೈಲ್ ಟಾರ್ಚ್ ಹಾಕಿ ತಳಕ್ಕೆ ಕಣ್ಣಿಟ್ಟೆ.

ಅಜ್ಜಿ ನೋಡಿಬಿಟ್ಟರು. "ಅಯ್ಯೋ, ಏನು ಬಿತ್ತಪ್ಪಾ?"

ನಾನು ಉತ್ತರ ಕೊಡುವ ಮೊದಲೇ ಉಂಗುರ ಬಿದ್ದಿದೆ ಅಂತ ಯಾರೋ ಅಂದರು. ಯಾರ ಉಂಗುರ ಅಂತ ಯಾರೂ ಕೇಳಲಿಲ್ಲ. ಹುಡುಗನ ಸೋದರಮಾವ ಪಂಚೆ ಎತ್ತಿಕಟ್ಟಿ ಸೋಫಾ ಎಳೆದರು, ಮಕ್ಕಳು ಟೀಪಾಯಿ ಕೆಳಗೆ ನುಗ್ಗಿದರು, ನಮ್ಮ ಭಾವ ಕೈಯಲ್ಲಿ ಕೇಸರಿಬಾತಿನ ತಟ್ಟೆ ಹಿಡಿದೇ ಕರ್ಟನ್ ಕೊಡವಿದರು. ಹುಡುಗ ಹುಡುಗಿ ಒಟ್ಟಿಗೆ ಮಂಡಿಯೂರಿ ಹುಡುಕುತ್ತಾ ಅಷ್ಟೊತ್ತಿನಲ್ಲಿ ಮೊದಲ ಸಲ ನಕ್ಕು ಮಾತಾಡಿದ್ದು ನನ್ನ ಪುಣ್ಯಕ್ಕೆ ಸೇರಬೇಕು.

ನಾನು ಕಂಡದ್ದು ಉಂಗುರ ಅಲ್ಲ. ರಂಗೂನ್ ಪೆಟ್ಟಿಗೆಯ ತಳ ಪ್ಲೈವುಡ್, ಅದರ ಮೇಲೆ ಸ್ಪಷ್ಟವಾಗಿ ಐಎಸ್‌ಐ ಮುದ್ರೆ. ತಳ ಮಾತ್ರ ಆಮೇಲೆ ಬದಲಾಯಿಸಿರಬಹುದು, ಪಕ್ಕದ ಹಲಗೆಗಳು ತೇಗದ ಹಾಗೇ ಇದ್ದವು. ಆದರೂ ಆ ಹೊತ್ತಿನಲ್ಲಿ ಹೇಳುವ ಮಾತಾ ಅದು? "ಉಂಗುರ ಜೇಬಲ್ಲೇ ಇತ್ತು" ಅಂದು ಎದ್ದೆ. ನಾನು ಉಂಗುರ ಹಾಕುವುದೇ ಇಲ್ಲ ಅನ್ನುವುದು ಗೊತ್ತಿದ್ದ ನನ್ನ ಹೆಂಡತಿ ಮನೆ ತಲುಪುವ ತನಕ ಒಂದು ಮಾತಾಡಲಿಲ್ಲ.

ಅವಳ ಸಿಟ್ಟಿಗೆ ಬೇರೆ ಕಾರಣಗಳೂ ಇದ್ದವು. ಕೆಲವು ನಾವಿಕರ ಪೆಟ್ಟಿಗೆಗಳು ತಳದಲ್ಲಿ ಅಗಲ, ಮೇಲೆ ಹೋಗುತ್ತಾ ಕಿರಿದು. ಹಡಗು ಓಲಾಡಿದರೂ ಮಗುಚಬಾರದು ಅಂತ ಹಾಗೆ. ನಮ್ಮ ಅಪಾರ್ಟ್‌ಮೆಂಟ್ ಓಲಾಡುವುದಿಲ್ಲ. ಇಲ್ಲಿ ಅದನ್ನು ಗೋಡೆಗೆ ಒತ್ತಿಟ್ಟರೆ ಬುಡ ತಾಗುತ್ತದೆ, ತಲೆ ತಾಗುವುದಿಲ್ಲ. ಆ ಸಂದಿಗೆ ಟಿವಿ ರಿಮೋಟ್, ನನ್ನ ಕನ್ನಡಕ, ಗ್ಯಾಸ್ ಬುಕ್ಕು, ಒಂದು ಸಲ ಇಡೀ ದೋಸೆ ಬಿದ್ದಿದೆ. ದೋಸೆ ಅಲ್ಲಿಗೆ ಹೇಗೆ ಹೋಯಿತು ಅಂತ ಮಗ ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಇನ್ನೊಂದು ಕರ್ಪೂರದ ಮರದ್ದು. ಹತ್ತೊಂಬತ್ತನೇ ಶತಮಾನದಲ್ಲಿ ಚೀನಾದ ಕ್ಯಾಂಟನ್ ಬಂದರಿನಿಂದ ಹಡಗಿನವರು ಇಂಥವನ್ನು ಮನೆಗೆ ಒಯ್ಯುತ್ತಿದ್ದರು. ಆ ಮರದ ವಾಸನೆಗೆ ಉಣ್ಣೆ ಬಟ್ಟೆಗೆ ಹುಳ ಬರುವುದಿಲ್ಲ. ಇದನ್ನು ನಾನು ಮನೆಗೆ ಬಂದವರಿಗೆಲ್ಲ ಹೇಳುವುದು ಕೇಳಿ ಕೇಳಿ ನನ್ನ ಹೆಂಡತಿ ಒಂದು ದಿನ, "ಹುಳ ಬರಲ್ಲ ಅಂತೀರಲ್ಲ ರೀ" ಅಂದು ಹೊಸದಾಗಿ ತಂದ ಸೋನಾಮಸೂರಿಯನ್ನು ಅದಕ್ಕೇ ಸುರಿದಳು. ಹುಳ ಬರಲಿಲ್ಲ, ನಿಜ. ವಾರ ಬಿಟ್ಟು ಕುಕ್ಕರ್ ಕೂಗಿದಾಗ ಮನೆಯಲ್ಲೆಲ್ಲ ಮಹಾಮಂಗಳಾರತಿ. ತಟ್ಟೆಗೆ ಬಡಿಸಿದ ಅನ್ನಕ್ಕೆ ನಮ್ಮ ಅತ್ತೆ ಅಭ್ಯಾಸಬಲದಿಂದ ಕೈಮುಗಿದರು. ಸಾರು ಹಾಕಿದರೂ ಹೋಗಲಿಲ್ಲ, ಮೊಸರಿಗೂ ಬಗ್ಗಲಿಲ್ಲ. ಆ ರಾತ್ರಿ ಎಲ್ಲರಿಗೂ ಬ್ರೆಡ್ಡು.

ಅಕ್ಕಿ ಎಸೆಯಲು ಮನಸ್ಸು ಬರಬೇಕಲ್ಲ. ಅಷ್ಟರಲ್ಲಿ ಅಕ್ಕನ ಮಗಳ ಮದುವೆ ಬಂತು. ಅರಿಶಿನ ತುಪ್ಪ ಕಲಸಿ ನನ್ನ ಹೆಂಡತಿ ಇಡೀ ಅಕ್ಕಿಯನ್ನು ಅಕ್ಷತೆ ಮಾಡಿದಳು. ಗಟ್ಟಿಮೇಳ ಬಾರಿಸಿ ಎಲ್ಲರೂ ಒಟ್ಟಿಗೆ ಎರಚಿದಾಗ ಛತ್ರವೆಲ್ಲ ಘಮ್ ಅಂದಿತು. ಪುರೋಹಿತರು ತಲೆ ಮೇಲೆ ಬಿದ್ದ ನಾಲ್ಕು ಕಾಳು ತೆಗೆದು ಮೂಸಿ, ತುಂಬಾ ಶ್ರೇಷ್ಠ ಕರ್ಪೂರ, ಯಾವ ಗ್ರಂಥಿಗೆ ಅಂಗಡಿಯದ್ದಮ್ಮ ಅಂತ ಕೇಳಿದರು.

"ಅಂಗಡಿಯದ್ದಲ್ಲ, ಚೀನಾದ್ದಂತೆ" ಅಂದಳು ನನ್ನ ಕಡೆ ಕೈ ತೋರಿಸಿ. "ಹಡಗಲ್ಲಿ ಬಂದಿದೆಯಂತೆ. ಇವರನ್ನೇ ಕೇಳಿ."