ಹಳೆಯ ಟೂ ಸ್ಟ್ರೋಕ್ ಬೈಕ್ ಸಾಕುವುದು: ಹವ್ಯಾಸವೋ, ಬೀದಿಗೆ ಉಪದ್ರವವೋ?

ಪರ: ಬಿಚ್ಚಿದರೆ ತಿಳಿಯುವ ಯಂತ್ರ

ನನ್ನ ಬಳಿ ಇರುವುದು ಮೈಸೂರಿನಲ್ಲೇ ತಯಾರಾದ ಯೆಜ್ಡಿ 250. ಟೂ ಸ್ಟ್ರೋಕ್ ಬೈಕು, ಅಂದರೆ ಪಿಸ್ಟನ್ ಒಮ್ಮೆ ಮೇಲೇರಿ ಒಮ್ಮೆ ಇಳಿದರೆ ಎಂಜಿನ್ನಿನ ಒಂದು ಸುತ್ತಿನ ಕೆಲಸ ಮುಗಿಯುವಂಥದ್ದು. ಅದರ ಎಂಜಿನ್ನಿನಲ್ಲಿ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ಸಿಲಿಂಡರಿನೊಳಗೆ ಮೇಲೆ ಕೆಳಗೆ ಓಡುವ ಪಿಸ್ಟನ್, ಆ ಓಟವನ್ನು ಸುತ್ತಾಗಿಸುವ ಕ್ರ್ಯಾಂಕ್, ಎರಡನ್ನೂ ಬೆಸೆಯುವ ಕನೆಕ್ಟಿಂಗ್ ರಾಡ್, ಅಷ್ಟೇ. ಪಿಸ್ಟನ್ ಮೇಲೇರುವಾಗ ಕ್ರ್ಯಾಂಕ್ ಕೂತಿರುವ ಕೆಳಗಿನ ಪೆಟ್ಟಿಗೆ, ಅಂದರೆ ಕ್ರ್ಯಾಂಕ್‌ಕೇಸ್ ಪೆಟ್ರೋಲ್ ಬೆರೆತ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಇಳಿಯುವಾಗ ಅದೇ ಗಾಳಿ ಪಕ್ಕದ ಕಿಂಡಿಗಳ ಮೂಲಕ ಸಿಲಿಂಡರಿನೊಳಕ್ಕೆ ನುಗ್ಗುತ್ತದೆ. ಸಿಲಿಂಡರ್ ಬಿಚ್ಚಿ ಬೆಳಕಿಗೆ ಹಿಡಿದರೆ ಆ ಕಿಂಡಿಗಳು ಕಣ್ಣಿಗೇ ಕಾಣುತ್ತವೆ. ಹೈಸ್ಕೂಲಿನ ಹುಡುಗನಿಗೂ ಅರ್ಧ ಗಂಟೆಯಲ್ಲಿ ಹೇಳಿಕೊಡಬಹುದು. ಇವತ್ತಿನ ಬೈಕನ್ನು ಹಾಗೆ ಹೇಳಿಕೊಡಿ ನೋಡೋಣ. ಸೀಟಿನಡಿ ಒಂದು ಕಪ್ಪು ಪೆಟ್ಟಿಗೆ ಇರುತ್ತದೆ, ಅದರೊಳಗೆ ಏನಿದೆಯೆಂದು ಮಾರಿದವನಿಗೂ ಗೊತ್ತಿರುವುದಿಲ್ಲ.

ಈ ಹವ್ಯಾಸದ ಪರವಾಗಿ ನನ್ನ ಮೊದಲ ಮತ್ತು ಕೊನೆಯ ವಾದ ಇದೇ: ಈ ಯಂತ್ರವನ್ನು ಬಿಚ್ಚಬಹುದು, ನೋಡಬಹುದು, ಸರಿಮಾಡಿ ಮತ್ತೆ ಜೋಡಿಸಬಹುದು. ಉಳಿದ ಕಾರಣಗಳೆಲ್ಲ ಇದರ ಹಿಂದೆ ಬರುವಂಥವು.

ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡುವುದನ್ನೇ ತೆಗೆದುಕೊಳ್ಳಿ. ತುದಿ ಕಾಫಿಪುಡಿಯ ಬಣ್ಣಕ್ಕಿದ್ದರೆ ಎಂಜಿನ್ ಸುಖವಾಗಿದೆ. ಮಸಿ ಹಿಡಿದು ಜಿಡ್ಡಾಗಿದ್ದರೆ ಪೆಟ್ರೋಲೋ ಅದಕ್ಕೆ ಬೆರೆಸುವ ಆಯಿಲೋ ಹೆಚ್ಚಾಗಿದೆ. ಬೆಳ್ಳಗಾಗಿದ್ದರೆ ಎಚ್ಚರ, ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ ಬಿಸಿ ಏರುತ್ತಿದೆ. ಹಾಗೆಯೇ ಓಡಿಸಿದರೆ ಪಿಸ್ಟನ್ ಜಾಮ್ ಆಗಿ, ಸಿಲಿಂಡರ್ ಹೊತ್ತುಕೊಂಡು ಲೇತ್ ಅಂಗಡಿಗೆ ಹೋಗಿ ಬೋರ್ ಮಾಡಿಸಬೇಕು, ಅಂದರೆ ಒಳಗೋಡೆಯನ್ನು ಕೊರೆದು ಸಮ ಮಾಡಿಸಬೇಕು. ಸಿಲಿಂಡರಿನ ಮುಚ್ಚಳವಾದ ಹೆಡ್ ತೆಗೆದು ಪಿಸ್ಟನ್ ನೆತ್ತಿಯ ಮೇಲೆ ಕಟ್ಟಿದ ಕಾರ್ಬನ್ನನ್ನು ಕೆರೆಯುವಾಗಲೂ ಒಂದು ಶಿಸ್ತಿದೆ. ಸ್ಕ್ರೂಡ್ರೈವರ್ ತಾಗಿಸಬಾರದು, ಅಲ್ಯೂಮಿನಿಯಂ ಮೇಲೆ ಗೀರು ಬೀಳುತ್ತದೆ. ಬಿದಿರಿನ ಚಕ್ಕೆಯೇ ಆಗಬೇಕು. ಪ್ಲಗ್ಗಿಗೆ ಸರಿಯಾದ ಹೊತ್ತಿಗೆ ಕಿಡಿ ಕೊಡಿಸುವ ಕಾಂಟ್ಯಾಕ್ಟ್ ಪಾಯಿಂಟಿನ ಸಂದು ಸುಮಾರು 0.4 ಮಿಲಿಮೀಟರ್ ಇರಬೇಕು, ಸಂದು ಅಳೆಯುವ ತೆಳು ತಗಡಾದ ಫೀಲರ್ ಗೇಜ್ ಸಣ್ಣಗೆ ಉಜ್ಜಿಕೊಂಡು ಒಳಗೆ ಹೋಗಬೇಕು. ಈ ಕೆಲಸದಲ್ಲಿ ಕೂತ ಮನುಷ್ಯ ಮೊಬೈಲ್ ಮುಟ್ಟುವುದಿಲ್ಲ, ಮುಟ್ಟುವ ಹಾಗೂ ಇರುವುದಿಲ್ಲ. ಎರಡೂ ಕೈಗೆ ಗ್ರೀಸ್.

ಇನ್ನು ಮೈಸೂರಿನ ಮಾತು. ರುಸ್ತುಂ ಇರಾನಿಯವರು ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆ ಯಾದವಗಿರಿಯಲ್ಲಿ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಚೆಕ್ ದೇಶದ ಜಾವಾ ಇಲ್ಲಿ ಕನ್ನಡ ಕಲಿತು, ಎಪ್ಪತ್ತರ ದಶಕದಲ್ಲಿ ಯೆಜ್ಡಿಯಾಯಿತು. ಅದರ ಗೇರ್ ಲಿವರನ್ನು ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತದೆ. ಸಿಲಿಂಡರ್ ಒಂದೇ, ಸೈಲೆನ್ಸರ್ ಮಾತ್ರ ಎರಡು. ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬುರೇಟರಿನ ಮೇಲಿನ ಗುಂಡಿಯನ್ನು ಪೆಟ್ರೋಲ್ ಒಸರುವವರೆಗೆ ಒತ್ತಿ ಕಿಕ್ ಹೊಡೆಯಬೇಕು. ಅರಮನೆಯನ್ನೂ ರೇಷ್ಮೆ ಸೀರೆಯನ್ನೂ ಪರಂಪರೆಯೆಂದು ಒಪ್ಪುವ ನಾವು, ಈ ಊರಿನ ಕೈಗಳೇ ಮೂವತ್ತೈದು ವರ್ಷ ಜೋಡಿಸಿದ ಯಂತ್ರವನ್ನು ಗುಜರಿ ಎನ್ನುವುದು ಯಾವ ನ್ಯಾಯ? ಜುಲೈ ತಿಂಗಳ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನದಂದು ಬಂದು ನೋಡಿ. ಅಪ್ಪನ ಬೈಕನ್ನು ಮಗ ತಂದಿರುತ್ತಾನೆ, ಅಜ್ಜನದನ್ನು ಮೊಮ್ಮಗಳು ತಂದಿರುತ್ತಾಳೆ.

ಒಂದು ಪ್ರಸಂಗ ಹೇಳಲೇಬೇಕು. ಮಡಿಕೇರಿಯಲ್ಲಿ ನೆಂಟರ ಮನೆಯ ಗೃಹಪ್ರವೇಶ ಮುಗಿಸಿ ಹಿಂದಿರುಗುತ್ತಿದ್ದೆವು. ನಾನು ಯೆಜ್ಡಿಯಲ್ಲಿ, ನನ್ನ ಚಿಕ್ಕಪ್ಪನ ಮಗ ಆಗಷ್ಟೇ ಕೊಂಡ ಹೊಸ ಬೈಕಿನಲ್ಲಿ. ಬೆಳಿಗ್ಗೆಯಿಂದ ಅವನದು ಒಂದೇ ಹಾಡು: "ಅಣ್ಣ, ಇದನ್ನು ಕೊಟ್ಟು ಒಳ್ಳೆಯದೊಂದು ತಗೊಳ್ಳಿ." ಸುಂಟಿಕೊಪ್ಪದ ಹತ್ತಿರ ನನ್ನ ಕ್ಲಚ್ ಕೇಬಲ್ ಪಟ್ಟನೆ ತುಂಡಾಯಿತು. ಅವನ ಮುಖದಲ್ಲಿ ಎಂಥ ಬೆಳಕು! ಆದರೆ ಯೆಜ್ಡಿಯ ಗುಟ್ಟು ಅವನಿಗೆ ತಿಳಿಯದು. ಅದರ ಗೇರ್ ಲಿವರ್ ಒತ್ತಿದರೆ ಕ್ಲಚ್ ತಾನಾಗಿಯೇ ಬಿಡುತ್ತದೆ, ಕೈಯ ಲಿವರ್ ಇಲ್ಲದೆಯೂ ಗೇರ್ ಬದಲಾಯಿಸಬಹುದು. ನಿಂತಲ್ಲಿಂದ ಹೊರಡುವಾಗ ಮಾತ್ರ ಪಾದವನ್ನು ಮೆಲ್ಲಗೆ ಸಡಿಲಿಸುತ್ತಾ ಬರಬೇಕು. ಕುಶಾಲನಗರ, ಬೈಲಕುಪ್ಪೆ, ಪಿರಿಯಾಪಟ್ಟಣ, ಹೀಗೆ ಕೇಬಲ್ ಇಲ್ಲದೆಯೇ ಬಂದೆ. ಹುಣಸೂರು ದಾಟುವಾಗ ಅವನ ಬೈಕಿನ ಮೀಟರಿನಲ್ಲಿ ಹಳದಿ ದೀಪ ಹತ್ತಿತು, ಎಂಜಿನ್ ನಿಂತಿತು. ಬಟನ್ ಒತ್ತಿದ, ಕೀಲಿ ತೆಗೆದು ಹಾಕಿದ, ಸಹಾಯವಾಣಿಗೆ ಕರೆ ಮಾಡಿದ. ಕಂಪ್ಯೂಟರ್ ಜೋಡಿಸಿ ನೋಡದೆ ಏನೂ ಹೇಳಲಾಗದೆಂದು ಉತ್ತರ ಬಂತು. ಲಗೇಜ್ ಆಟೋದಲ್ಲಿ ಅವನ ಬೈಕು ಮಲಗಿಕೊಂಡು ಮೈಸೂರಿಗೆ ಬಂತು. ಹಿಂದೆ ಹಿಂದೆ ನಾನು, ಆಟೋದ ಗುರುತಿಗೆಂದು ಹಾರ್ನ್ ಹೊಡೆಯುತ್ತಾ. ಆ ಹಾರ್ನ್ ಅಗತ್ಯವಿರಲಿಲ್ಲ, ಒಪ್ಪುತ್ತೇನೆ.

ಹೊಗೆಯ ಮಾತು ಎತ್ತುವವರು ಎತ್ತುತ್ತಾರೆ. ವಾರಕ್ಕೊಮ್ಮೆ ಚಾಮುಂಡಿ ಬೆಟ್ಟಕ್ಕೆ ಹೋಗಿ ಬರುವ ನನ್ನ ಬೈಕಿನಿಂದ ಹಿಮಾಲಯದ ಮಂಜು ಕರಗುತ್ತದೆಂದು ಹೇಳುವವರು, ಒಬ್ಬರೇ ಕೂತು ಓಡಿಸುವ ಏಳು ಸೀಟಿನ ಕಾರಿನಿಂದ ಇಳಿದು ಬಂದು ಹೇಳುತ್ತಾರೆ. ಜಾಸೊ ಎಫ್‌ಡಿ ದರ್ಜೆಯ, ಅಂದರೆ ಹೊಗೆ ಕಡಿಮೆ ಬಿಡುವ, ಒಳ್ಳೆಯ ಟೂಟಿ (ಟೂ ಸ್ಟ್ರೋಕ್) ಆಯಿಲ್ ಹಾಕಿ, ಲೀಟರಿಗೆ ಎಷ್ಟು ಬೇಕೋ ಅಷ್ಟನ್ನೇ ಅಳೆದು ಬೆರೆಸಿದರೆ, ಎಂಜಿನ್ ಬಿಸಿಯಾದ ಮೇಲೆ ಹೊಗೆ ಕಾಣುವುದೇ ಇಲ್ಲ. ಕಂಡರೆ ತಪ್ಪು ಸವಾರನದು.

ನಿಜವಾದ ತೊಂದರೆ ಇರುವುದು ಈಗಿನ ಪೆಟ್ರೋಲಿನಲ್ಲಿ. ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ರಬ್ಬರ್ ಪೈಪನ್ನು ಮೆತ್ತಗೆ ಮಾಡುತ್ತದೆ, ಬೈಕು ನಾಲ್ಕು ವಾರ ನಿಂತರೆ ಕಾರ್ಬುರೇಟರಿನ ಬಟ್ಟಲಿನಲ್ಲಿ ಪಾಚಿಬಣ್ಣದ ಕೊಳೆ ಕಟ್ಟುತ್ತದೆ. ಮನೆ ಹತ್ತಿರ ಬಂದಾಗ ಪೆಟ್ರೋಲ್ ಕಾಕ್ ಮುಚ್ಚಿ, ಬಟ್ಟಲಿನಲ್ಲಿ ಉಳಿದದ್ದು ಉರಿದು ಎಂಜಿನ್ ತಾನಾಗಿ ನಿಲ್ಲುವಂತೆ ಮಾಡಿ. ಪೈಪನ್ನು ಎಥೆನಾಲ್ ತಡೆಯುವ ರಬ್ಬರಿಗೆ ಬದಲಾಯಿಸಿ. ಅಂಗಡಿಯವನು ಒರಿಜಿನಲ್ ಎಂದು ಆಣೆ ಇಟ್ಟು ಕೊಡುವ ಪಿಸ್ಟನ್ ರಿಂಗನ್ನು ಸಿಲಿಂಡರಿನಲ್ಲಿ ಕೂರಿಸಿ, ರಿಂಗಿನ ಎರಡು ತುದಿಗಳ ನಡುವಿನ ಸಂದನ್ನು ಅಳೆದ ಮೇಲೆಯೇ ದುಡ್ಡು ಕೊಡಿ.

ವಿರೋಧ: ಹಿತ್ತಲಿನಿಂದ ನೋಡಿದಾಗ

ಮೈಸೂರಿನಲ್ಲಿ ಕೂತು ಯೆಜ್ಡಿಯ ವಿರುದ್ಧ ಬರೆಯಲು ಯಾರೂ ಸಿಗಲಿಲ್ಲವಂತೆ. ಇಬ್ಬರು ಒಪ್ಪಿ ಆಮೇಲೆ ಕೈಬಿಟ್ಟ ಬಳಿಕ ಸಂಪಾದಕರು ನನ್ನನ್ನು ಕೇಳಿದರು. ನನಗೆ ಬೈಕುಗಳ ಮೇಲೆ ದ್ವೇಷವೇನೂ ಇಲ್ಲ. ಕೊಟ್ಟ ಕೆಲಸ ಮಾಡುತ್ತಿದ್ದೇನೆ.

ಮೊದಲು ಪುಸ್ತಕದ ಮಾತು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಸ ಪೆಟ್ರೋಲ್ ಗಾಳಿ ಒಳಗೆ ಬರುವ ಹೊತ್ತಿಗೇ ಹೊಗೆ ಹೊರಹೋಗುವ ಕಿಂಡಿಯೂ ತೆರೆದಿರುತ್ತದೆ. ಬಂದದ್ದರಲ್ಲಿ ಒಂದು ದೊಡ್ಡ ಪಾಲು ಉರಿಯದೆಯೇ ಸೈಲೆನ್ಸರಿಗೆ ಹೊರಟುಹೋಗುತ್ತದೆ. ಮೇಲಿನಿಂದ ಆಯಿಲ್ ಬೇರೆ ಉರಿಯಬೇಕು. ಇದು ಸವಾರನ ತಪ್ಪಲ್ಲ, ಯಂತ್ರದ ರಚನೆಯೇ ಹಾಗೆ. ಎಷ್ಟು ಅಳೆದು ಆಯಿಲ್ ಹಾಕಿದರೂ ಆ ಕಿಂಡಿ ಮುಚ್ಚಿಕೊಳ್ಳುವುದಿಲ್ಲ. "ನನ್ನ ಬಳಿ ಹೊಗೆ ತಪಾಸಣೆಯ ಚೀಟಿ ಇದೆ" ಎನ್ನುತ್ತಾರೆ. ಇರುತ್ತದೆ. 2000ದ ಮಾರ್ಚ್ 31ರ ತನಕ ತಯಾರಾದ ದ್ವಿಚಕ್ರ ವಾಹನಕ್ಕೆ ಕಾರ್ಬನ್ ಮಾನಾಕ್ಸೈಡ್ ಶೇ 4.5, ಹೈಡ್ರೋಕಾರ್ಬನ್ (ಉರಿಯದೆ ಉಳಿದ ಇಂಧನ) 9,000 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಪಾಲು) ತನಕ ರಿಯಾಯಿತಿ ಉಂಟು. ಅದರ ಬಳಿಕ ಬಂದ ಫೋರ್ ಸ್ಟ್ರೋಕಿಗೆ ಹೈಡ್ರೋಕಾರ್ಬನ್ ಮಿತಿ ಅದರ ಅರ್ಧ. ಆ ಚೀಟಿಯಿಂದ ಬೀದಿಯವರ ಮೂಗಿಗೆ ಏನೂ ಸಮಾಧಾನವಿಲ್ಲ.

ಪರಂಪರೆಯ ವಾದಕ್ಕೆ ಕಾನೂನೇ ಉತ್ತರ ಕೊಟ್ಟಿದೆ. 2021ರ ಕೇಂದ್ರ ನಿಯಮದ ಪ್ರಕಾರ ವಿಂಟೇಜ್ ವಾಹನವೆನ್ನಿಸಿಕೊಳ್ಳಲು ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಹೊಸದಾಗಿ ಹಾಗೆ ನೋಂದಾಯಿಸಲು ಶುಲ್ಕ 20,000 ರೂಪಾಯಿ, ಸಂಖ್ಯೆಯಲ್ಲಿ 'ವಿಎ' ಅಕ್ಷರ. ಅಂಥ ವಾಹನವನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ಹೊರಗೆ ತರಬಹುದು; ನಿತ್ಯ ಓಡಿಸುವಂತಿಲ್ಲ. 1985ರಿಂದ 1996ರ ತನಕ ಬಂದ ಇನ್ನೊಂದು ಟೂ ಸ್ಟ್ರೋಕ್ ಬೈಕು ಯಮಹಾ ಆರ್‌ಎಕ್ಸ್ 100 ಆ ಲೆಕ್ಕಕ್ಕೆ ಇನ್ನೂ ಸೇರುವುದೇ ಇಲ್ಲ. ಅದು ಬರಿಯ ಹಳೆಯ ಬೈಕು, ಹದಿನೈದು ವರ್ಷದ ನಂತರ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಿಕೊಳ್ಳುತ್ತಾ ಬಂದಿರುವಂಥದ್ದು. ಅದಕ್ಕೆ ಈಗ ಲಕ್ಷ ದಾಟಿದ ಬೆಲೆ ಕೇಳುತ್ತಾರೆ. ಕೊಡುವವರೂ ಇದ್ದಾರೆ. ನಮ್ಮ ಮನೆಯಲ್ಲಿಯೇ ಒಬ್ಬರಿದ್ದಾರೆ.

ನನ್ನ ಮೈದುನ. ಒಳ್ಳೆಯ ಹುಡುಗ, ಬ್ಯಾಂಕಿನ ಕೆಲಸ. ಅವನು ಆರ್‌ಎಕ್ಸ್ 100 ತಂದ ದಿನ ಆರತಿ ಎತ್ತಿದವಳೂ ನಾನೇ. ಮರುತಿಂಗಳು ಇನ್ನೊಂದು ಬಂತು, ಚಕ್ರವಿಲ್ಲದ್ದು. "ಇದು ಓಡಿಸುವುದಕ್ಕಲ್ಲ ಅತ್ತಿಗೆ, ಬಿಡಿಭಾಗಕ್ಕೆ" ಎಂದ. ಅದು ಹಿತ್ತಲಿನ ತುಳಸಿಕಟ್ಟೆಯ ಪಕ್ಕ ಟಾರ್ಪಾಲ್ ಹೊದ್ದು ನಿಂತಿತು. ಆಮೇಲೆ ಒಂದೊಂದಾಗಿ ಅಡುಗೆಮನೆಯ ಸಾಮಾನು ಹಿತ್ತಲಿಗೆ ಹೊರಟಿತು. ಹಿಟ್ಟು ಕಲಸುವ ಸ್ಟೀಲ್ ಬೇಸಿನ್ನಿನಲ್ಲಿ ಪೆಟ್ರೋಲ್ ಸುರಿದು ಕಾರ್ಬುರೇಟರ್ ನೆನೆಹಾಕಿದ. ಅತ್ತೆಯವರ ಹಳೆಯ ಹಲ್ಲುಜ್ಜುವ ಬ್ರಷ್ಷು ಹೋಯಿತು, ಅದು ಹಳೆಯದೆಂದು ಅತ್ತೆಯವರಿಗೆ ಮಾತ್ರ ತಿಳಿದಿರಲಿಲ್ಲ. ಸೈಲೆನ್ಸರಿನ ಒಳಗೊಳವೆಯಲ್ಲಿ ಕಟ್ಟಿದ ಮಸಿಯನ್ನು ಸುಡುತ್ತೇನೆಂದು ಒಂದು ಮಧ್ಯಾಹ್ನ ಹಿತ್ತಲಿನಲ್ಲಿ ಬೆಂಕಿ ಹಾಕಿದ. ಆ ದಿನ ಮಹಡಿಯ ಮೇಲೆ ಬೂದುಗುಂಬಳದ ಸಂಡಿಗೆ ಒಣಗಲು ಹಾಕಿದ್ದೆವು, ನಮ್ಮದೂ ಪಕ್ಕದ ಮನೆಯವರದೂ. ಸಂಜೆ ಎತ್ತುವಾಗ ಬಿಳಿಯ ಸಂಡಿಗೆಯ ಮೇಲೆ ಎಳ್ಳು ಉದುರಿಸಿದಷ್ಟು ಕಪ್ಪು. ಕರಿದು ನೋಡಿದೆವು. ಟೂಟಿ ಆಯಿಲಿನ ವಾಸನೆಯ ಸಂಡಿಗೆಯನ್ನು ನಮ್ಮ ಮನೆಯ ನಾಯಿಯೂ ಮುಟ್ಟಲಿಲ್ಲ. ಪಕ್ಕದ ಮನೆಯವರು ಏನೂ ಅನ್ನಲಿಲ್ಲ, ಆದರೆ ಆ ವರ್ಷ ಸಂಕ್ರಾಂತಿಯ ಎಳ್ಳು ಬೀರಲು ಅವರ ಮನೆಯಿಂದ ಯಾರೂ ಬರಲಿಲ್ಲ.

ಬಿಚ್ಚಿ ಜೋಡಿಸುವ ಆಸೆ ಅಷ್ಟಿದ್ದರೆ ನಮ್ಮ ಮನೆಯಲ್ಲಿ ಅತ್ತೆಯವರ ಹೊಲಿಗೆ ಯಂತ್ರ ಕೆಟ್ಟು ಕೂತಿದೆ. ಅದನ್ನು ಮುಟ್ಟು ಎಂದರೆ ಮೈದುನನಿಗೆ ಸೊಂಟ ನೋವು.

ಮನೆಯೊಳಗೆ ಅವನು ಏನು ಮಾಡಿಕೊಂಡರೂ ಸಹಿಸಬಹುದು. ಆದರೆ ಭಾನುವಾರ ಬೆಳಿಗ್ಗೆ ಆರಕ್ಕೆ ಗೇಟಿನ ಬಳಿ ನಿಲ್ಲಿಸಿ, ಎಂಜಿನ್ ಬಿಸಿಯಾಗಲೆಂದು ಹತ್ತು ನಿಮಿಷ ರೇಸ್ ಮಾಡುವುದಿದೆಯಲ್ಲ, ಅದಕ್ಕೆ ಪರ, ವಿರೋಧ ಯಾವ ವಾದವೂ ಬೇಡ. ನಮ್ಮ ಬೀದಿಯ ಅಗಲ ಹದಿನೈದು ಅಡಿ. ಎದುರು ಮನೆಯಲ್ಲಿ ಉಬ್ಬಸದ ಹಿರಿಯರಿದ್ದಾರೆ, ಅದರ ಪಕ್ಕ ಬಾಣಂತಿ. ಗೇಟಿನಿಂದ ಮುಖ್ಯರಸ್ತೆಗೆ ನೂರು ಹೆಜ್ಜೆ. ಆರ್‌ಎಕ್ಸ್ 100 ಭಾರದ ಬೈಕೇನೂ ಅಲ್ಲ, ಅವನೇ ಹೆಮ್ಮೆಯಿಂದ ಹೇಳುತ್ತಾನೆ. ಅಲ್ಲಿಯವರೆಗೆ ತಳ್ಳಿಕೊಂಡು ಹೋಗಿ ಕಿಕ್ ಹೊಡೆಯಲಿ.